ಒಂದೇ ಪಂಕ್ತಿಯ ಹಂಬಲ: ಕನ್ನಡ ನಾಡಿನ ಬಾಸೆಲ್ ಮಿಶನ್ ಸಭೆಗಳಲ್ಲಿ ದೇವಪ್ರೀತಿ ಮತ್ತು ಸಮುದಾಯ

೧

ಮನುಷ್ಯರು ಒಂದು ಸಮುದಾಯವಾಗಿ ಕೂಡಿಬಾಳುವುದಕ್ಕೆ ಕಾರಣಗಳು ಹಲವು. ರಕ್ತಸಂಬಂಧ, ಕುಲವೃತ್ತಿ, ನೆಲ, ನುಡಿ, ಇವುಗಳಲ್ಲಿ ಒಂದಾದರೂ ಆಧಾರವಾಗಿಲ್ಲದೆ ಜನ ಒಟ್ಟಾಗಿ ನಿಂತ ನಿದರ್ಶನಗಳು ವಿರಳ. ಕ್ರೈಸ್ತ ಧರ್ಮವು ತನ್ನ ಹುಟ್ಟಿನಲ್ಲಿಯೇ ಇವುಗಳಿಗಿಂತ ಬೇರೆಯಾದ ಒಂದು ಆಧಾರವನ್ನು ಮುಂದಿಟ್ಟಿತು. ದೇವರು ಮನುಷ್ಯರ ಯೋಗ್ಯತೆಯನ್ನೆಣಿಸದೆ ಅವರನ್ನು ಪ್ರೀತಿಸಿದನೆಂದೂ ಆ ಪ್ರೀತಿಗೆ ಪಾತ್ರರಾದವರು ಒಬ್ಬರಿಗೊಬ್ಬರು ಸೋದರರಾಗಲೇಬೇಕೆಂದೂ ಅದು ಸಾರಿತು. ತತ್ತ್ವವಾಗಿ ಇದು ಸರಳ. ಆದರೆ ಯಾರೊಡನೆ ಕುಳಿತು ಉಣ್ಣಬೇಕು, ಯಾರ ಕೈಕೆಳಗೆ ದುಡಿಯಬೇಕು, ಯಾವ ನುಡಿಯಲ್ಲಿ ಹಾಡಬೇಕು, ಯಾರ ಮಾತಿಗೆ ತಲೆಬಾಗಬೇಕು ಎಂಬ ಪ್ರಶ್ನೆಗಳು ಬಂದೊಡನೆ ಅದರ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಕನ್ನಡ, ಧಾರವಾಡ, ಕೊಡಗು ಪ್ರಾಂತಗಳಲ್ಲಿ ಹುಟ್ಟಿಬೆಳೆದ ಬಾಸೆಲ್ ಮಿಶನ್ ಸಭೆಗಳ ಇತಿಹಾಸವು ಆ ಪರೀಕ್ಷೆಯ ಇತಿಹಾಸವೇ ಆಗಿದೆ.

ಬಾಸೆಲ್ ಮಿಶನ್ನಿನವರು ಕನ್ನಡಕ್ಕೆ ಮಾಡಿದ ಸೇವೆಯನ್ನು ಕನ್ನಡಿಗರು ಚೆನ್ನಾಗಿ ಬಲ್ಲರು. ಮೊದಲ ವೃತ್ತಪತ್ರಿಕೆ, ಅಚ್ಚುಕಟ್ಟಾದ ಮುದ್ರಣ, ಪ್ರಾಚೀನ ಕಾವ್ಯಗಳ ಪ್ರಕಟನೆ, ಕಿಟ್ಟೆಲರ ನಿಘಂಟು ಇವೆಲ್ಲ ಮರಳಿ ಮರಳಿ ಸ್ಮರಿಸಲ್ಪಟ್ಟಿವೆ. ಆದರೆ ಆ ಪಾದ್ರಿಗಳ ಸುತ್ತ ನೆರೆದ ಜನರ ಬಾಳು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಮನೆಯನ್ನೂ ಜಾತಿಯನ್ನೂ ಕಸುಬನ್ನೂ ತೊರೆದು ಹೊರಬಂದ ಆ ಜನ ಯಾವ ಬಂಧದಿಂದ ಒಂದಾದರು? ಆ ಬಂಧವು ಎಷ್ಟರಮಟ್ಟಿಗೆ ದೇವಪ್ರೀತಿಯದು, ಎಷ್ಟರಮಟ್ಟಿಗೆ ಅನ್ನದ ಹಂಗಿನದು? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಪುಸ್ತಕಗಳಿಗಿಂತ ಹೆಚ್ಚಾಗಿ ಪಂಕ್ತಿಯನ್ನೂ ಕಾರ್ಖಾನೆಯನ್ನೂ ನೋಡಬೇಕಾಗುತ್ತದೆ.

೨

ಪಂಕ್ತಿಯ ಪ್ರಶ್ನೆ ಕ್ರೈಸ್ತಸಭೆಗೆ ಭಾರತದಲ್ಲಿ ಮೊದಲ ಬಾರಿಗೆ ಎದುರಾದುದಲ್ಲ. ಅದು ಸಭೆಯಷ್ಟೇ ಹಳೆಯದು. ಮೊದಲ ಶತಮಾನದ ಅಂತಿಯೋಕ್ಯ ನಗರದಲ್ಲಿ ಯೆಹೂದ್ಯರಾದ ಕ್ರೈಸ್ತರೂ ಅನ್ಯಜನರಾದ ಕ್ರೈಸ್ತರೂ ಜೊತೆಯಾಗಿ ಊಟಮಾಡುತ್ತಿದ್ದರು. ಯೆರೂಸಲೇಮಿನ ಕಡೆಯಿಂದ ಕೆಲವರು ಬಂದಾಗ ಪೇತ್ರನು ಅವರ ಆಕ್ಷೇಪಣೆಗೆ ಅಂಜಿ ಅನ್ಯಜನರ ಪಂಕ್ತಿಯಿಂದ ಎದ್ದು ದೂರ ಸರಿದನು. ಪೌಲನು ಎಲ್ಲರೆದುರಿಗೇ ಅವನನ್ನು ಖಂಡಿಸಿದನು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಈ ಪ್ರಸಂಗವನ್ನು ಪೌಲನೇ ಹೇಳಿದ್ದಾನೆ. ಕ್ರಿಸ್ತನಲ್ಲಿ ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ, ಗಂಡು-ಹೆಣ್ಣು ಎಂಬ ಭೇದವಿಲ್ಲವೆಂಬ ಪ್ರಸಿದ್ಧವಾದ ಮಾತು ಬರುವುದೂ ಅದೇ ಪತ್ರದಲ್ಲಿ. ಆ ಮಾತನ್ನು ಕೇವಲ ತತ್ತ್ವಘೋಷಣೆಯೆಂದು ಓದುವುದು ವಾಡಿಕೆ. ಪಂಕ್ತಿಭೇದದ ಜಗಳದ ಹಿನ್ನೆಲೆಯಲ್ಲಿ ಓದಿದಾಗ ಅದರ ತೀಕ್ಷ್ಣತೆ ತಿಳಿಯುತ್ತದೆ.

ಕೊರಿಂಥದಲ್ಲಿ ತೊಡಕು ಬೇರೆ ರೂಪವನ್ನು ತಾಳಿತ್ತು. ಅಲ್ಲಿ ಕರ್ತನ ಭೋಜನಕ್ಕೆಂದು ಕೂಡಿದಾಗ ಉಳ್ಳವರು ಮೊದಲೇ ಬಂದು ತಮ್ಮ ಊಟವನ್ನು ಮುಗಿಸಿಬಿಡುತ್ತಿದ್ದರು. ಬಡವರು ಹಸಿದು ನಿಲ್ಲುತ್ತಿದ್ದರು. ಇಲ್ಲದವರನ್ನು ಹೀಗೆ ನಾಚಿಸುವುದು ದೇವರ ಸಭೆಯನ್ನೇ ತಿರಸ್ಕರಿಸಿದಂತೆ ಎಂಬುದು ಪೌಲನ ತೀರ್ಪು. ಪ್ರೀತಿಯ ಹಿರಿಮೆಯನ್ನು ವರ್ಣಿಸುವ ಅಧ್ಯಾಯವು ಈ ಜಗಳವಾಡುವ ಸಭೆಗೇ ಬರೆದ ಪತ್ರದಲ್ಲಿದೆ ಎಂಬುದನ್ನು ಮರೆಯಬಾರದು. ಹೀಗೆ ಕುಲದ ಭೇದ, ಸಂಪತ್ತಿನ ಭೇದ ಎರಡೂ ಸಭೆಯ ಊಟದ ಮೇಜಿನ ಬಳಿಯಲ್ಲಿಯೇ ಮೊದಲು ಬಯಲಿಗೆ ಬಂದುವು. ಗ್ರೀಕರು ತಮ್ಮ ನಗರದ ಪ್ರಜೆಗಳ ಕೂಟಕ್ಕೆ ಬಳಸುತ್ತಿದ್ದ ಎಕ್ಲೇಸಿಯ ಎಂಬ ಶಬ್ದವನ್ನು ಕ್ರೈಸ್ತರು ತಮ್ಮ ಸಮುದಾಯಕ್ಕೆ ಇಟ್ಟುಕೊಂಡರು. ಅದಕ್ಕೆ ಸರಿಯಾಗಿ ಕನ್ನಡ ಸತ್ಯವೇದದ ಭಾಷಾಂತರಕಾರರು 'ಸಭೆ' ಎಂಬ ಪದವನ್ನು ಆರಿಸಿದರು. ಕರಾವಳಿಯ ಕಥೋಲಿಕರು ಪೋರ್ತುಗೀಜರಿಂದ ಬಂದ 'ಇಗರ್ಜಿ' ಎಂಬ ಮಾತನ್ನು ಬಳಸುತ್ತಾರೆ. ಜನರ ಬಾಯಲ್ಲಿ ಇಗರ್ಜಿ ಕಟ್ಟಡವಾಯಿತು. ಸಭೆ ಎಂಬುದು ಮಾತ್ರ ಜನರ ಕೂಟದ ಅರ್ಥವನ್ನೇ ಉಳಿಸಿಕೊಂಡಿತು.

೩

ಬಾಸೆಲ್ ಮಿಶನ್ ೧೮೧೫ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾಯಿತು. ಅದರ ಕಾರ್ಯಕರ್ತರಲ್ಲಿ ಹಲವರು ನೆರೆಯ ಜರ್ಮನ್ ಪ್ರಾಂತವಾದ ವ್ಯುರ್ಟೆಂಬರ್ಗಿನವರು. ಹಳ್ಳಿಗಳ, ಸಣ್ಣ ಪಟ್ಟಣಗಳ ಕುಶಲಕರ್ಮಿಗಳ ಮನೆಗಳಿಂದ ಬಂದವರು. ಅವರ ಧರ್ಮ ಪಾಂಡಿತ್ಯದ್ದಕ್ಕಿಂತ ಹೆಚ್ಚಾಗಿ ಹೃದಯದ್ದು. ಮನೆಯಲ್ಲಿ ಕೂಡಿ ಬೈಬಲ್ ಓದುವುದು, ದುಡಿಮೆಯನ್ನು ದೇವಸೇವೆಯೆಂದು ಎಣಿಸುವುದು, ಒಬ್ಬರ ನಡತೆಯನ್ನು ಇನ್ನೊಬ್ಬರು ಎಚ್ಚರದಿಂದ ನೋಡಿಕೊಳ್ಳುವುದು ಅವರ ಭಕ್ತಿಪಂಥದ ಲಕ್ಷಣಗಳು. ೧೮೩೩ರ ಸನ್ನದಿನಿಂದ ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪೆನಿಯ ಸೀಮೆಯಲ್ಲಿ ನೆಲೆಸಲು ಅವಕಾಶ ದೊರೆಯಿತು. ಮರುವರ್ಷವೇ, ೧೮೩೪ರ ಅಕ್ಟೋಬರಿನಲ್ಲಿ, ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ೧೮೩೬ರಲ್ಲಿ ಹೆರ್ಮನ್ ಮೋಗ್ಲಿಂಗ್ ಬಂದರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಕೆಲವೇ ವರ್ಷಗಳಲ್ಲಿ ಠಾಣೆಗಳು ಏರ್ಪಟ್ಟುವು.

ಇವರು ಬರುವುದಕ್ಕೆ ಮೊದಲೇ ಕನ್ನಡ ನಾಡಿನಲ್ಲಿ ಕ್ರೈಸ್ತರಿದ್ದರು. ಕರಾವಳಿಯ ಕೊಂಕಣಿ ಮಾತಿನ ಕಥೋಲಿಕರು ೧೭೮೪ರಿಂದ ೧೭೯೯ರ ವರೆಗೆ ಶ್ರೀರಂಗಪಟ್ಟಣದ ಸೆರೆಯನ್ನನುಭವಿಸಿ ಮರಳಿ, ಕಳೆದುಕೊಂಡ ಬಾಳನ್ನು ಮತ್ತೆ ಕಟ್ಟಿಕೊಂಡಿದ್ದರು. ಬಳ್ಳಾರಿಯಲ್ಲಿ ೧೮೧೦ರಿಂದಲೇ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಕೆಲಸಮಾಡುತ್ತ ಸತ್ಯವೇದವನ್ನು ಕನ್ನಡಕ್ಕೆ ತಂದಿದ್ದರು. ಬಾಸೆಲಿನವರ ವೈಶಿಷ್ಟ್ಯವಿದ್ದುದು ಜಾತಿಯ ವಿಷಯದಲ್ಲಿ ಅವರು ತಾಳಿದ ನಿಷ್ಠುರ ನಿಲುವಿನಲ್ಲಿ. ತಮಿಳುನಾಡಿನಲ್ಲಿ ಲೀಪ್ಸಿಗ್ ಮಿಶನ್ನಿನವರು ಜಾತಿಯನ್ನು ಲೌಕಿಕವಾದ ಸಾಮಾಜಿಕ ವ್ಯವಸ್ಥೆಯೆಂದು ಭಾವಿಸಿ ಸಭೆಯೊಳಗೆ ಅದನ್ನು ತಕ್ಕಮಟ್ಟಿಗೆ ಸಹಿಸಿದರು. ಬಾಸೆಲಿನವರು ಜಾತಿಯನ್ನು ಬಿಡದೆ ಸಭೆಗೆ ಪ್ರವೇಶವಿಲ್ಲವೆಂದರು. ಒಂದೇ ರೊಟ್ಟಿಯಲ್ಲಿ ಪಾಲುಗೊಂಡು ಒಂದೇ ಪಾತ್ರೆಯಿಂದ ಕುಡಿಯುವ ಕರ್ತನ ಭೋಜನವೇ ಇದಕ್ಕೆ ಒರೆಗಲ್ಲಾಯಿತು. ಬೇರೆಬೇರೆ ಕುಲಗಳವರು ಒಂದೇ ಬಟ್ಟಲಿಗೆ ತುಟಿಯಿಡುವುದೆಂದರೆ ಅಂದಿನ ಸಮಾಜದಲ್ಲಿ ಎಂತಹ ಮಾತೆಂಬುದನ್ನು ವಿವರಿಸಬೇಕಾಗಿಲ್ಲ.

೧೮೪೪ರ ಜನವರಿ ೬ರಂದು ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣನು ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದನು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಅದನ್ನು ಬರಿಯ ಮತಾಂಧತೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ; ಒಂದು ಕುಟುಂಬದ ದೃಷ್ಟಿಯಲ್ಲಿ ಆ ದಿನ ಒಬ್ಬ ಮಗನು ಬದುಕಿದ್ದಂತೆಯೇ ಸತ್ತನು. ಹೊಸ ಸೋದರತ್ವವು ಹಳೆಯ ಬಾಂಧವ್ಯವನ್ನು ಕಡಿದುಕೊಂಡೇ ಬಂದಿತೆಂಬ ನೋವು ಈ ಇತಿಹಾಸದುದ್ದಕ್ಕೂ ಉಂಟು. ಆನಂದರಾಯರು ಮೋಗ್ಲಿಂಗರ ಹೆಸರನ್ನು ತಮ್ಮ ಹೆಸರಿನೊಡನೆ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು. ೧೮೪೬ರಲ್ಲಿ ಬಾಸೆಲಿಗೆ ಹೋಗಿ ಓದಿ, ೧೮೫೧ರಲ್ಲಿ ಗುರುದೀಕ್ಷೆ ಪಡೆದು ಸಹಮಿಶನರಿಯಾಗಿ ಮರಳಿದರು.

೪

ಬ್ರಾಹ್ಮಣ ತರುಣರ ಮತಾಂತರವು ಗದ್ದಲವೆಬ್ಬಿಸಿತಾದರೂ ಸಭೆಗಳನ್ನು ತುಂಬಿದವರು ಅವರಲ್ಲ. ತುಳುನಾಡಿನ ಸಭೆಗಳಲ್ಲಿ ಬಹುಸಂಖ್ಯಾತರು ಬಿಲ್ಲವರು. ಅವರ ಸ್ಥಿತಿಯನ್ನು ನೋಡಿದರೆ ಸಮುದಾಯದ ಪ್ರಶ್ನೆ ಎಷ್ಟು ಕಠಿಣವಾಗಿದ್ದಿತೆಂಬುದು ಅರಿವಾಗುತ್ತದೆ. ಶೇಂದಿ ಇಳಿಸುವುದು ಅವರಲ್ಲಿ ಅನೇಕರ ಕಸುಬು. ಕುಡಿತವನ್ನು ವಿರೋಧಿಸುತ್ತಿದ್ದ ಸಭೆ ಅದನ್ನು ಒಪ್ಪಲಿಲ್ಲ. ಬೇಸಾಯಕ್ಕೆ ಗೇಣಿಯ ಭೂಮಿಯನ್ನು ಕೊಡುತ್ತಿದ್ದ ಒಡೆಯರು, ಭೂತದ ಕೋಲಕ್ಕೂ ಊರಿನ ಕಟ್ಟುಕಟ್ಟಳೆಗೂ ಸೇರದವನಿಗೆ ಭೂಮಿಯನ್ನು ಬಿಟ್ಟುಕೊಡಲು ಹಿಂಜರಿಯುತ್ತಿದ್ದರು. ಅಳಿಯಸಂತಾನದ ಕುಟುಂಬದಿಂದ ಹೊರಬಿದ್ದವನಿಗೆ ಕುಟುಂಬದ ಆಸ್ತಿಯ ಆಸರೆಯೂ ತಪ್ಪುತ್ತಿತ್ತು. ೧೮೫೦ರ ೨೧ನೆಯ ಕಾಯಿದೆಯು ಮತವನ್ನು ಬಿಟ್ಟ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗದೆಂದು ವಿಧಿಸಿತು. ಆದರೆ ಕಾಗದದ ಮೇಲಿನ ಹಕ್ಕಿಗೂ ಮನೆಯಂಗಳದ ವಾಸ್ತವಕ್ಕೂ ಬಹಳ ಅಂತರವಿತ್ತು. ಹೀಗೆ ದೀಕ್ಷಾಸ್ನಾನದ ಮರುದಿನವೇ ಒಬ್ಬ ಮನುಷ್ಯನು ಮನೆಯಿಲ್ಲದವನೂ ಕಸುಬಿಲ್ಲದವನೂ ಆಗುತ್ತಿದ್ದನು. ಅವನನ್ನು ಸೋದರನೆಂದು ಕರೆದವರ ಮೇಲೆ ಅವನ ಹೊಟ್ಟೆಯ ಹೊಣೆಯೂ ಬಿದ್ದಿತು.

ಈ ಹೊಣೆಯಿಂದಲೇ ಬಾಸೆಲ್ ಮಿಶನ್ನಿನ ಕೈಗಾರಿಕೆಗಳು ಹುಟ್ಟಿದುವು. ಆರಂಭದ ಪ್ರಯೋಗಗಳಲ್ಲಿ ಅನೇಕವು ವಿಫಲವಾದುವು. ಬೆಟಗೇರಿಯ ಬಳಿಯ ಮಲಸಮುದ್ರದಲ್ಲಿ ಬೇಸಾಯದ ವಸಾಹತೊಂದನ್ನು ಏರ್ಪಡಿಸಿದರು. ಅದು ಬಹುಕಾಲ ನಿಲ್ಲಲಿಲ್ಲ. ಸಕ್ಕರೆ ಮಾಡುವುದನ್ನೂ ಗಡಿಯಾರದ ಕೆಲಸವನ್ನೂ ಮಾಡಿನೋಡಿದರು. ನೆಲೆನಿಂತುದು ನೆಯ್ಗೆ ಮತ್ತು ಹೆಂಚು. ೧೮೫೧ರಲ್ಲಿ ನೆಯ್ಗೆಯನ್ನು ಬಲ್ಲ ಹಾಲರ್ ಬಂದ ಮೇಲೆ ಯುರೋಪಿನ ಮಾದರಿಯ ಮಗ್ಗಗಳು ಮಂಗಳೂರಿನಲ್ಲಿ ನಡೆದುವು. ಅಲ್ಲಿ ಸಿದ್ಧವಾದ ಖಾಕಿ ಬಣ್ಣದ ಬಟ್ಟೆ ಹೆಸರಾಯಿತು. ೧೮೫೯ರಲ್ಲಿ ವ್ಯಾಪಾರಕ್ಕಾಗಿಯೇ ಒಂದು ಸಂಸ್ಥೆಯು ಬಾಸೆಲಿನಲ್ಲಿ ರಚಿತವಾಯಿತು. ೧೮೬೫ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು, ದೋಣಿಯಲ್ಲಿ ಬರುವ ಸೌದೆ, ಬಂದರಿನ ಅನುಕೂಲ ಇವೆಲ್ಲ ಕೂಡಿಬಂದು ಮಂಗಳೂರಿನ ಹೆಂಚು ದೇಶವಿದೇಶಗಳ ಮಾಡುಗಳನ್ನು ಹೊದಿಸಿತು. ಮುಂದೆ ಊರಿನ ಇತರ ಉದ್ಯಮಿಗಳೂ ಅದೇ ಹಾದಿಯನ್ನು ಹಿಡಿದರು.

ಕಾರ್ಖಾನೆಯು ಕೂಲಿಯ ಜೊತೆಗೆ ಒಂದು ಹೊಸ ಜೀವನಕ್ರಮವನ್ನೂ ಕೊಟ್ಟಿತು. ಕುಲದಿಂದ ಕುಲಕ್ಕೆ ಬೇರೆಯಾಗಿದ್ದ ಕೈಗಳು ಒಂದೇ ಅಚ್ಚಿನಲ್ಲಿ ಒಂದೇ ಮಣ್ಣನ್ನು ಒತ್ತಿದುವು. ಮಣ್ಣಿನ ಕೆಲಸ, ನೆಯ್ಗೆಯ ಕೆಲಸ ಒಂದೊಂದು ಜಾತಿಯ ಸ್ವತ್ತೆಂಬ ಭಾವನೆ ಅಳಿಯಿತು. ಹೆಂಗಸರೂ ಮನೆಯ ಹೊರಗೆ ದುಡಿದು ಕೈಗೆ ಕಾಸು ಪಡೆದರು. ಕೆಲಸಕ್ಕೆ ಮೊದಲು ಪ್ರಾರ್ಥನೆ, ಭಾನುವಾರ ವಿಶ್ರಾಂತಿ, ಉಳಿತಾಯಕ್ಕೆ ಉತ್ತೇಜನ ಇವು ಬಾಳಿಗೆ ಒಂದು ಕ್ರಮವನ್ನು ತಂದುವು. ಸೋದರಪ್ರೀತಿಯು ಉಪದೇಶದಲ್ಲಿಯೇ ನಿಲ್ಲದೆ ಅನ್ನವಾಗಿ ಬಂದುದು ಸಣ್ಣ ಮಾತಲ್ಲ.

ಆದರೆ ಇದೇ ಏರ್ಪಾಟಿನ ಇನ್ನೊಂದು ಮುಖವನ್ನೂ ಕಾಣಬೇಕು. ಪಾದ್ರಿಯೂ ಧಣಿಯೂ ಒಂದೇ ಸಂಸ್ಥೆಯವರಾದಾಗ ಸಭೆಯ ಶಿಸ್ತನ್ನು ಮೀರಿದವನಿಗೆ ಕೂಲಿಯೂ ತಪ್ಪುವ ಭಯ ಸಹಜವಾಯಿತು. ಮಿಶನ್ನಿನ ನೆಲದಲ್ಲಿ ಮನೆ, ಮಿಶನ್ನಿನ ಶಾಲೆ, ಮಿಶನ್ನಿನ ಮಗ್ಗ, ಮಿಶನ್ನಿನ ಸಮಾಧಿಭೂಮಿ ಎಂದಾದಾಗ ಮನುಷ್ಯನು ಒಂದು ಆವರಣದೊಳಗೆ ಹುಟ್ಟಿ ಅಲ್ಲಿಯೇ ಸಾಯುವಂತಾಯಿತು. ನೆರೆಯವರಿಂದ ಅವನು ದೂರವಾದನು. ಪ್ರೀತಿಯಿಂದ ಆರಂಭವಾದ ರಕ್ಷಣೆಯು ಪರಾಧೀನತೆಯಾಗಿ ಮಾರ್ಪಡುವ ಅಪಾಯವನ್ನು ಮಿಶನ್ನಿನೊಳಗಿನವರೇ ಆಗಾಗ್ಗೆ ಚರ್ಚಿಸಿದರು. ದೇವಪ್ರೀತಿಯು ಯೋಗ್ಯತೆಯನ್ನೆಣಿಸದೆ ಬರುವುದೆಂದು ಸಾರುವವರು ಪ್ರೀತಿಗೆ ಷರತ್ತುಗಳನ್ನು ಕಟ್ಟಬೇಕಾಗಿ ಬಂದ ಈ ವಿರೋಧಾಭಾಸ ಆ ಸಮುದಾಯದ ಚರಿತ್ರೆಯಲ್ಲಿ ಆಳವಾಗಿ ಹುದುಗಿದೆ.

೫

ಕೊಡಗಿನ ಆನಂದಪುರದ ವೃತ್ತಾಂತವು ಈ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ತೋರುತ್ತದೆ. ೧೮೫೨ರ ಕೊನೆಗೆ ಮೋಗ್ಲಿಂಗರು ಸ್ವದೇಶಕ್ಕೆ ಮರಳುವ ಯೋಚನೆಯಲ್ಲಿದ್ದರು. ಆಗ ಅಳಮಂಡ ಸೋಮಯ್ಯನೆಂಬ ಕೊಡವನು ಕ್ರೈಸ್ತಧರ್ಮವನ್ನು ಸ್ವೀಕರಿಸಬಯಸಿ ಅವರ ನೆರವನ್ನು ಬೇಡಿದನು. ಮೋಗ್ಲಿಂಗರು ಪ್ರಯಾಣವನ್ನು ಕೈಬಿಟ್ಟು ಕೊಡಗಿಗೆ ಹೋದರು. ಕೊಡವರು ಹೆಚ್ಚು ಸಂಖ್ಯೆಯಲ್ಲಿ ಬರಬಹುದೆಂಬ ನಿರೀಕ್ಷೆ ಹುಸಿಯಾಯಿತು. ಬಂದವರು ಬೇರೆಯವರು. ಕೊಡವರ ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತದಾಳುಗಳಾಗಿ ದುಡಿಯುತ್ತಿದ್ದ ಹೊಲೆಯರು ಅವರ ಬಳಿಗೆ ಬಂದರು. ೧೮೪೩ರ ೫ನೆಯ ಕಾಯಿದೆಯು ಗುಲಾಮಗಿರಿಗೆ ನ್ಯಾಯಾಲಯಗಳ ಮಾನ್ಯತೆಯನ್ನು ತೆಗೆದುಹಾಕಿದ್ದರೂ ನೆಲದೊಡನೆ ಆಳನ್ನೂ ಎಣಿಸುವ ರೂಢಿ ಹಾಗೆಯೇ ನಡೆದುಬಂದಿತ್ತು.

ಇವರಿಗಾಗಿ ಮೋಗ್ಲಿಂಗರು ಒಂದು ಹೊಸ ಊರನ್ನು ಕಟ್ಟಿದರು. ಆನಂದರಾವ್ ಕೌಂಡಿನ್ಯರು ತಮ್ಮ ಹಣವನ್ನು ಈ ಕಾರ್ಯದಲ್ಲಿ ತೊಡಗಿಸಿದರು. ಊರಿಗೆ ಅವರ ಹೆಸರೇ ನಿಂತಿತು. ಸಾರಸ್ವತ ಬ್ರಾಹ್ಮಣ ಮನೆತನದವನ ಹಣದಿಂದ ಕೊಡಗಿನ ಕಾಡಿನಂಚಿನಲ್ಲಿ ಹೊಲೆಯರು ಸ್ವತಂತ್ರರಾಗಿ ನೆಲೆಸಿದ ಈ ಘಟನೆಯಲ್ಲಿ ಸಭೆಯ ತತ್ತ್ವವು ತನ್ನ ಉಜ್ಜ್ವಲ ರೂಪವನ್ನು ಕಂಡಿತೆಂದು ಹೇಳಬಹುದು. ಕಾಫಿ ತೋಟದಲ್ಲಿ ಕೆಲಸ, ಶಾಲೆ, ಚಿಕ್ಕದೊಂದು ದೇವಾಲಯ ಇವು ಆ ಊರಿನ ಆಧಾರಗಳಾದುವು. ಪೌಲನು ಓಡಿಬಂದ ದಾಸನಾದ ಒನೇಸಿಮನನ್ನು ಅವನ ಒಡೆಯನಾದ ಫಿಲೆಮೋನನ ಬಳಿಗೆ ಕಳುಹಿಸುವಾಗ, ಇನ್ನು ಮೇಲೆ ದಾಸನಂತಲ್ಲ, ಸೋದರನಂತೆ ಸ್ವೀಕರಿಸಬೇಕೆಂದು ಬರೆದನು. ಕೊಡಗಿನಲ್ಲಿ ಒಡೆಯರು ಹಾಗೆ ಸ್ವೀಕರಿಸಲಿಲ್ಲ. ದಾಸರಾಗಿದ್ದವರು ಬೇರೆ ಊರನ್ನೇ ಕಟ್ಟಿಕೊಳ್ಳಬೇಕಾಯಿತು. ಒಂದೇ ಪಂಕ್ತಿಯ ಹಂಬಲವು ಅನೇಕ ಕಡೆಗಳಲ್ಲಿ ಪ್ರತ್ಯೇಕ ಕೇರಿಯಲ್ಲಿ ಮುಕ್ತಾಯವಾಯಿತೆಂಬ ಕಹಿಸತ್ಯಕ್ಕೂ ಆನಂದಪುರವೇ ಸಾಕ್ಷಿ.

೬

ಸಮುದಾಯವನ್ನು ಬೆಸೆಯುವ ಶಕ್ತಿಗಳಲ್ಲಿ ನುಡಿಯು ಅನ್ನಕ್ಕೆ ಎರಡನೆಯದಲ್ಲ. ಮಂಗಳೂರಿನ ಸಭೆಯಲ್ಲಿ ಮನೆಮಾತು ತುಳು, ಗ್ರಂಥಭಾಷೆ ಕನ್ನಡ, ಗುರುಗಳ ಭಾಷೆ ಜರ್ಮನ್, ಸರಕಾರದ್ದು ಇಂಗ್ಲಿಷ್. ಗ್ರೈನರರ ಶ್ರಮದಿಂದ ೧೮೪೭ರ ಹೊತ್ತಿಗೆ ತುಳುವಿನಲ್ಲಿ ಹೊಸ ಒಡಂಬಡಿಕೆ ಸಿದ್ಧವಾಗಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಬ್ರಿಗೆಲರ ತುಳು ವ್ಯಾಕರಣ ೧೮೭೨ರಲ್ಲಿಯೂ ಮೆನ್ನರರ ತುಳು ನಿಘಂಟು ೧೮೮೬ರಲ್ಲಿಯೂ ಬಂದುವು. ದೇವರು ತಮ್ಮ ಮನೆಮಾತಿನಲ್ಲಿಯೇ ಮಾತನಾಡುತ್ತಾನೆಂಬ ಅನುಭವವು ಬಡಕುಟುಂಬಗಳಿಗೆ ಎಂತಹ ಗೌರವವನ್ನು ತಂದಿತೆಂಬುದನ್ನು ಊಹಿಸಬಹುದು.

ಕನ್ನಡದಲ್ಲಿ ಮೋಗ್ಲಿಂಗರ ಕಾರ್ಯ ವಿಸ್ತಾರವಾದುದು. ೧೮೪೩ರ ಜುಲೈ ೧ರಂದು ಹೊರಟ 'ಮಂಗಳೂರ ಸಮಾಚಾರ'ವು ಕನ್ನಡದ ಮೊದಲ ವೃತ್ತಪತ್ರಿಕೆ. ಕಾಸಮೇಜರ್ ಎಂಬ ನ್ಯಾಯಾಧೀಶರ ದ್ರವ್ಯಸಹಾಯದಿಂದ ೧೮೪೮ರಿಂದ ೧೮೫೩ರ ವರೆಗೆ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಅವರು ಪ್ರಕಟಿಸಿದರು. ತಮ್ಮ ಮತವನ್ನು ಹರಡಲು ಬಂದವರು ವೀರಶೈವರ ಪುರಾಣವನ್ನೂ ವೈಷ್ಣವರ ಕೀರ್ತನೆಗಳನ್ನೂ ಅಚ್ಚುಹಾಕಿಸಿದುದು ಆಶ್ಚರ್ಯವೆನಿಸಬಹುದು. ಜನರ ಮನಸ್ಸನ್ನು ಅರಿಯದೆ ಉಪದೇಶಿಸಲಾಗದೆಂಬ ಲೆಕ್ಕಾಚಾರ ಅದರಲ್ಲಿ ಇದ್ದಿರಬೇಕು. ಆದರೆ ಲೆಕ್ಕಾಚಾರದಿಂದಲೇ ಅಷ್ಟು ದೊಡ್ಡ ಕೆಲಸ ಆಗುವುದಿಲ್ಲ. ಕುಲವನ್ನು ಕೇಳದೆ ಶರಣನನ್ನು ತನ್ನವನೆನ್ನುವ ಹನ್ನೆರಡನೆಯ ಶತಮಾನದ ಕಲ್ಯಾಣದ ಸಾಹಸವನ್ನೂ ಕರುಣಾಮಯನಾದ ದೇವರ ಮುಂದೆ ತನ್ನ ಹೀನತೆಯನ್ನು ಒಪ್ಪಿಕೊಳ್ಳುವ ದಾಸರ ಆರ್ತತೆಯನ್ನೂ ವ್ಯುರ್ಟೆಂಬರ್ಗಿನ ಭಕ್ತಿಪಂಥದವನೊಬ್ಬನು ಓದಿದಾಗ ತನ್ನ ಮನೆಯ ದನಿಯೇ ಕೇಳಿದಂತಾಗಿರಬಹುದು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ೧೮೫೮ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು.

ಫರ್ಡಿನೆಂಡ್ ಕಿಟ್ಟೆಲರು ೧೮೫೩ರಲ್ಲಿ ಬಂದರು. ಭಾರತೀಯರ ನಡುವೆ ಭಾರತೀಯನಂತೆ ಬಾಳಬೇಕೆಂಬುದು ಅವರ ಆಸೆ. ಕಾಲುನಡೆಯಿಂದ ಊರೂರು ತಿರುಗಿದರು. ಈ ರೀತಿಯ ಬಾಳು ಸಹೋದ್ಯೋಗಿಗಳಲ್ಲಿ ಹಲವರಿಗೆ ಸರಿಬೀಳಲಿಲ್ಲ. ೧೮೬೨ರಲ್ಲಿ ಅವರು ರಚಿಸಿದ 'ಕಥಾಮಾಲೆ' ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳುತ್ತದೆ. ಸಭೆಯ ಆರಾಧನೆಯಲ್ಲಿ ಜರ್ಮನ್ ರಾಗಗಳಿಗೆ ಹೊಂದಿಸಿದ ಗೀತಗಳು ರೂಢಿಯಾಗಿದ್ದ ಕಾಲದಲ್ಲಿ ಈ ಕೃತಿಯು ಒಂದು ಮುಖ್ಯವಾದ ಪ್ರಶ್ನೆಯನ್ನೆತ್ತಿತು. ಕ್ರೈಸ್ತನಾಗುವುದೆಂದರೆ ತನ್ನ ನಾಡಿನ ರಾಗವನ್ನೂ ಬಿಡುವುದೇ? ಜಾತಿಯನ್ನು ಬಿಡಬೇಕೆಂಬುದರಲ್ಲಿ ಕಿಟ್ಟೆಲರಿಗೆ ಸಂದೇಹವಿರಲಿಲ್ಲ. ಷಟ್ಪದಿಯನ್ನು ಬಿಡಬೇಕಾಗಿಲ್ಲವೆಂಬುದು ಅವರ ಕೃತಿಯ ಧ್ವನಿ. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ನಿಘಂಟು ೧೮೯೪ರಲ್ಲಿ ಪ್ರಕಟವಾಗಿ ಕನ್ನಡಿಗರೆಲ್ಲರ ಸ್ವತ್ತಾಯಿತು. ಸಭೆಯ ಆವರಣದಲ್ಲಿ ಹುಟ್ಟಿದ ಕೆಲಸವೊಂದು ಆವರಣದ ಗೋಡೆಯನ್ನು ದಾಟಿ ಇಡೀ ನಾಡಿನದಾದುದಕ್ಕೆ ಇದಕ್ಕಿಂತ ಮಿಗಿಲಾದ ಉದಾಹರಣೆಯಿಲ್ಲ.

೭

ಜಾತಿಯ ಅವಮಾನದಿಂದ ಬಿಡುಗಡೆ ಬಯಸಿದವರಿಗೆ ಕ್ರೈಸ್ತಸಭೆಯೊಂದೇ ದಾರಿಯಾಗಿರಲಿಲ್ಲ. ೧೮೭೦ರಲ್ಲಿ ಮಂಗಳೂರಿನಲ್ಲಿ ಬ್ರಾಹ್ಮಸಮಾಜದ ಚಟುವಟಿಕೆ ಆರಂಭವಾಯಿತು. ಬಿಲ್ಲವರಲ್ಲಿ ಕೆಲವರು ಅತ್ತ ಒಲಿದರು. ಅದೇ ಬ್ರಾಹ್ಮಸಮಾಜದ ಕುದ್ಮುಲ್ ರಂಗರಾಯರು ೧೮೯೭ರಲ್ಲಿ ದಲಿತವರ್ಗಗಳಿಗಾಗಿ ಮಿಶನ್ ಒಂದನ್ನು ಸ್ಥಾಪಿಸಿ, ಸ್ವಜಾತಿಯ ಬಹಿಷ್ಕಾರವನ್ನು ಸಹಿಸಿ, ಶಾಲೆಗಳನ್ನು ನಡೆಸಿದರು. ೧೯೧೨ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದ ಮೇಲೆ, ದೇವಾಲಯಗಳಲ್ಲಿ ಪ್ರವೇಶವಿಲ್ಲದೆ ದೂರನಿಂತಿದ್ದ ಬಿಲ್ಲವರಿಗೆ ತಮ್ಮದೇ ಆದ ಗುಡಿ ದೊರೆಯಿತು. ಸಭೆ, ಸಮಾಜ, ಗುಡಿ ಈ ಮೂರೂ ಒಂದೇ ಗಾಯಕ್ಕೆ ಹುಡುಕಿದ ಮೂರು ಮದ್ದುಗಳು. ಒಂದನ್ನು ಇನ್ನೊಂದರ ವೈರಿಯೆಂದು ನೋಡುವುದಕ್ಕಿಂತ, ಮಂಗಳೂರೆಂಬ ಒಂದೇ ಪಟ್ಟಣದಲ್ಲಿ ಒಂದೇ ತಲೆಮಾರಿನವರು ಮನುಷ್ಯರ ಸಮಾನತೆಯನ್ನು ದೇವರ ಹೆಸರಿನಲ್ಲಿ ಅರಸಿದರೆಂದು ನೋಡುವುದು ಇತಿಹಾಸಕ್ಕೆ ಹೆಚ್ಚು ನಿಷ್ಠವಾದುದು.

೮

೧೯೧೪ರ ಮಹಾಯುದ್ಧವು ಬಾಸೆಲ್ ಸಭೆಗಳಿಗೆ ಸಿಡಿಲಿನಂತೆ ಎರಗಿತು. ಜರ್ಮನ್ ಪ್ರಜೆಗಳಾದ ಮಿಶನರಿಗಳು ಬಂಧಿತರಾಗಿ ಕೊನೆಗೆ ದೇಶಬಿಡಬೇಕಾಯಿತು. ಕಾರ್ಖಾನೆಗಳು ಸರಕಾರದ ವಶವಾಗಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದುವು. ಹಲವು ದಶಕಗಳ ಕಾಲ ಪಾದ್ರಿಗಳೂ ಧಣಿಗಳೂ ಒಂದೇ ಸಂಸ್ಥೆಯವರಾಗಿದ್ದ ಏರ್ಪಾಟು ಹೀಗೆ ಕೆಲವೇ ವರ್ಷಗಳಲ್ಲಿ ಕಡಿದುಬಿದ್ದಿತು. ಅನ್ನದ ಹಂಗೊಂದೇ ಸಭೆಯನ್ನು ಹಿಡಿದಿಟ್ಟಿದ್ದರೆ ಅದು ಆಗ ಚದುರಿಹೋಗಬೇಕಾಗಿತ್ತು. ಚದುರಲಿಲ್ಲ. ದೇಶೀಯ ಗುರುಗಳೂ ಉಪದೇಶಿಗಳೂ ಹಿರಿಯರೂ ಹೊಣೆಯನ್ನು ಹೊತ್ತರು. ಪರೀಕ್ಷೆಯಲ್ಲಿ ಸಮುದಾಯವು ತನ್ನದೇ ಆದ ಬೆನ್ನೆಲುಬನ್ನು ಕಂಡುಕೊಂಡಿತು. ಈ ಲೇಖನದ ಮೊದಲಿಗೆ ಕೇಳಿದ ಪ್ರಶ್ನೆಗೆ ಇತಿಹಾಸವು ಕೊಟ್ಟ ಸ್ಪಷ್ಟವಾದ ಉತ್ತರವಿದು.

ಇಷ್ಟರೊಳಗೆ ಪಂಕ್ತಿಯ ಪ್ರಶ್ನೆ ವಿಪರೀತವಾದ ರೂಪದಲ್ಲಿ ಮರಳಿ ಬಂದಿತ್ತು. ಭಾರತೀಯರಿಗೆ ಜಾತಿಯನ್ನು ಬಿಟ್ಟು ಒಂದೇ ಭೋಜನದಲ್ಲಿ ಪಾಲುಗೊಳ್ಳಿರೆಂದು ಬೋಧಿಸಿದ ಪಾಶ್ಚಾತ್ಯ ಸಭೆಗಳು ತಾವೇ ಒಬ್ಬರ ಭೋಜನದಲ್ಲಿ ಇನ್ನೊಬ್ಬರು ಪಾಲುಗೊಳ್ಳುತ್ತಿರಲಿಲ್ಲ. ಆಂಗ್ಲಿಕನರಿಗೆ ಬಿಷಪರಿಂದ ದೀಕ್ಷೆ ಪಡೆಯದ ಗುರುವಿನ ಕೈಯ ಭೋಜನ ಸಲ್ಲದು. ಇಂಗ್ಲೆಂಡಿನ, ಜರ್ಮನಿಯ, ಅಮೆರಿಕದ ಹಳೆಯ ಜಗಳಗಳನ್ನು ಭಾರತದ ಹಳ್ಳಿಯ ಕ್ರೈಸ್ತನು ಏಕೆ ಹೊರಬೇಕು? ೧೯೧೯ರ ಮೇ ತಿಂಗಳಿನಲ್ಲಿ ತರಂಗಂಬಾಡಿಯಲ್ಲಿ ಕೂಡಿದ, ಬಹುಮಟ್ಟಿಗೆ ಭಾರತೀಯರೇ ಆಗಿದ್ದ ಗುರುಗಳು ಈ ಪ್ರಶ್ನೆಯನ್ನು ನೇರವಾಗಿ ಕೇಳಿದರು. ಈ ಭೇದಗಳನ್ನು ತಾವು ಸೃಷ್ಟಿಸಲಿಲ್ಲ, ಅವು ತಮ್ಮ ಮೇಲೆ ಹೊರಿಸಲ್ಪಟ್ಟುವು ಎಂಬುದು ಅವರ ಅಳಲು. ೧೯೧೨ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರಾಗಿ ದೋರ್ನಕಲ್ಲಿಗೆ ನೇಮಕವಾಗಿದ್ದ ವಿ. ಎಸ್. ಅಜರಯ್ಯನವರು ಅವರ ಮುಂದಾಳು. ೧೯೧೦ರಲ್ಲಿ ಎಡಿನ್‌ಬರೋ ಸಮ್ಮೇಳನದಲ್ಲಿ ಅವರು, ಮಿಶನರಿಗಳ ತ್ಯಾಗವನ್ನು ಕೊಂಡಾಡಿದ ಬಳಿಕ, ಭಾರತಕ್ಕೆ ಅದಕ್ಕಿಂತ ಮಿಗಿಲಾಗಿ ಬೇಕಾದುದು ಸ್ನೇಹವೆಂದು ನುಡಿದಿದ್ದರು. ಉಪಕಾರವು ಮೇಲಿನಿಂದ ಕೆಳಗಿಳಿಯುತ್ತದೆ. ಸ್ನೇಹವು ಸಮಾನರಲ್ಲಿ ಮಾತ್ರ ಉಂಟಾಗುತ್ತದೆ. ಮಿಶನ್ನಿನ ಆವರಣದಲ್ಲಿ ಪ್ರೀತಿಗೆ ಕೊರತೆಯಾಗಿದ್ದುದು ಯಾವುದೆಂಬುದನ್ನು ಆ ಮಾತು ಬಯಲುಮಾಡಿತು.

ಮೂವತ್ತು ವರ್ಷಗಳ ಸಮಾಲೋಚನೆಯ ಫಲವಾಗಿ ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆಯು ಜನ್ಮತಾಳಿತು. ಅಜರಯ್ಯನವರು ೧೯೪೫ರ ಜನವರಿ ೧ರಂದು ಕಾಲವಾಗಿದ್ದರು. ದೇಶವು ಸ್ವಾತಂತ್ರ್ಯವನ್ನು ಪಡೆದು ಇನ್ನೂ ಆರು ವಾರಗಳು ತುಂಬುತ್ತಿದ್ದುವು. ಉತ್ತರದಲ್ಲಿ ಮತದ ಹೆಸರಿನಲ್ಲಿ ನೆಲವೇ ಸೀಳಿ ರಕ್ತ ಹರಿಯುತ್ತಿದ್ದಿತು. ಕನ್ನಡ ನಾಡಿನ ಬಾಸೆಲ್ ಸಭೆಗಳು ಹಂತಹಂತವಾಗಿ ಈ ಐಕ್ಯದಲ್ಲಿ ಸೇರಿದುವು. ೧೯೭೦ರಲ್ಲಿ ಮೈಸೂರು ಬಿಷಪರ ಪ್ರಾಂತವು ಉತ್ತರ, ಮಧ್ಯ, ದಕ್ಷಿಣವೆಂದು ಮೂರು ಪ್ರಾಂತಗಳಾಗಿ ವಿಂಗಡಿಸಲ್ಪಟ್ಟಿತು. ಧಾರವಾಡದ ಸಭೆಯೂ ಮಂಗಳೂರಿನ ಸಭೆಯೂ ಬೆಂಗಳೂರಿನ ಮೆಥೊಡಿಸ್ಟ್ ಪರಂಪರೆಯ ಸಭೆಯೂ ಒಂದೇ ಕುಟುಂಬದವಾದುವು.

೯

ಈ ಇತಿಹಾಸವನ್ನು ಗೆಲುವಿನ ಕಥೆಯೆಂದು ಹೇಳಿ ಮುಗಿಸುವುದು ಸತ್ಯಕ್ಕೆ ಅಪಚಾರವಾದೀತು. ಸಭೆಯ ಬಟ್ಟಲು ಒಂದಾದರೂ ಮದುವೆಯ ಮಾತುಕತೆಯಲ್ಲಿ ಹಳೆಯ ಕುಲವು ಇಣುಕುವುದು ಭಾರತದ ಕ್ರೈಸ್ತರಲ್ಲಿ ಅಳಿದ ಸಂಗತಿಯಲ್ಲ. ರಾಜ್ಯವ್ಯವಸ್ಥೆಯೂ ಈ ತೊಡಕನ್ನು ಹೆಚ್ಚಿಸಿದೆ. ಪರಿಶಿಷ್ಟ ಜಾತಿಗಳನ್ನು ಕುರಿತ ೧೯೫೦ರ ರಾಷ್ಟ್ರಪತಿಯ ಆಜ್ಞೆಯು ಮುಖ್ಯವಾಗಿ ಹಿಂದೂಗಳಿಗೆ ಅನ್ವಯಿಸುತ್ತಿತ್ತು. ೧೯೫೬ರಲ್ಲಿ ಸಿಖ್ಖರೂ ೧೯೯೦ರಲ್ಲಿ ಬೌದ್ಧರೂ ಸೇರಿಸಲ್ಪಟ್ಟರು. ಕ್ರೈಸ್ತರಾದ ದಲಿತರು ಹೊರಗುಳಿದರು. ಸಭೆಯಲ್ಲಿ ಜಾತಿಯಿಲ್ಲವೆಂಬ ಬೋಧನೆಯೇ ಕಾನೂನಿನಲ್ಲಿ ಅವರಿಗೆ ಅಡ್ಡಿಯಾಯಿತು; ನೆರೆಯವರ ಕಣ್ಣಿನಲ್ಲಿ ಮಾತ್ರ ಅವರ ಜಾತಿ ಹೋಗಲಿಲ್ಲ. ಆನಂದಪುರವನ್ನು ಕಟ್ಟಿದವರ ಸಂತತಿಗೆ ಎದುರಾದ ಈ ಇಕ್ಕಟ್ಟು, ತತ್ತ್ವಕ್ಕೂ ವ್ಯವಹಾರಕ್ಕೂ ನಡುವೆ ಉಳಿದಿರುವ ದೂರಕ್ಕೆ ಅಳತೆಗೋಲು.

ಆದರೂ ಒಂದು ಮಾತು ನಿಲ್ಲುತ್ತದೆ. ಒಂದು ಸಮುದಾಯವನ್ನು ಹುಟ್ಟಿನ ಆಧಾರವಿಲ್ಲದೆ ಕಟ್ಟುವುದು ಸಾಧ್ಯವೆಂಬುದನ್ನೂ ಅದು ಎಷ್ಟು ದುಬಾರಿಯೆಂಬುದನ್ನೂ ಈ ಸಭೆಗಳು ತೋರಿಸಿಕೊಟ್ಟುವು. ಅದಕ್ಕೆ ಉಪದೇಶ ಸಾಲದು, ದುಡಿಮೆ ಬೇಕಾಯಿತು. ದುಡಿಮೆಯೂ ಸಾಲದು, ತಮ್ಮದೇ ನುಡಿ ಬೇಕಾಯಿತು. ನುಡಿಯ ಮೇಲೆ ಸಮಾನತೆ ಬೇಕಾಯಿತು. ಇವೆಲ್ಲದರ ಕೊನೆಗೆ, ದೊರೆತುದನ್ನು ಆವರಣದೊಳಗೇ ಇಟ್ಟುಕೊಳ್ಳದೆ ನೆರೆಯವರೊಡನೆ ಹಂಚಿಕೊಳ್ಳುವ ಔದಾರ್ಯ ಬೇಕಾಯಿತು.

ಊರನ್ನು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಪಾಠ ಅಪರಿಚಿತವಲ್ಲ. ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ ಕನ್ನಡದ ಹೆಸರಿನಲ್ಲಿ ಕೂಡುವವರು ಊರಿನಲ್ಲಿ ಒಂದೇ ಕೇರಿಯವರಾಗಿರಲಿಲ್ಲ, ಒಂದೇ ಪಂಕ್ತಿಯವರೂ ಆಗಿರಲಿಲ್ಲ. ಅವರನ್ನು ಕೂಡಿಸುವುದು ನುಡಿಯ ಮೇಲಣ ಪ್ರೀತಿ. ಆ ಪ್ರೀತಿಯು ತನ್ನವರಿಗಷ್ಟೇ ಗೋಡೆಯಾಗಿ ನಿಲ್ಲುವುದೋ, ನೆರೆಯವರಿಗೂ ಬಾಗಿಲಾಗಿ ತೆರೆಯುವುದೋ ಎಂಬುದರ ಮೇಲೆ ಯಾವ ಸಂಘದ, ಯಾವ ಸಭೆಯ ಯೋಗ್ಯತೆಯೂ ನಿರ್ಧಾರವಾಗುತ್ತದೆ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನಿಗೆ ಹಾಕಿದ ಪ್ರಶ್ನೆ ಇದೇ ಆಗಿತ್ತು. ಮಂಗಳೂರಿನ ಜೇಡಿಮಣ್ಣಿನ ನೆಲದಲ್ಲಿಯೂ ಕೊಡಗಿನ ಕಾಫಿ ತೋಟದಲ್ಲಿಯೂ ಜನ ಅದಕ್ಕೆ ತಮ್ಮ ಬಾಳಿನಿಂದಲೇ ಉತ್ತರ ಕೊಡಲು ಯತ್ನಿಸಿದರು. ಆ ಯತ್ನವು ಅಪೂರ್ಣವಾಗಿದ್ದರೂ ಅದನ್ನು ಕನ್ನಡ ನಾಡಿನ ಸಾಮಾಜಿಕ ಚರಿತ್ರೆಯ ಮುಖ್ಯವಾದೊಂದು ಅಧ್ಯಾಯವೆಂದು ಗಣಿಸುವುದು ಯುಕ್ತವಾಗಿದೆ.